ಅಂಡಿಗೆಯ ಮೇಲಿನ ಹತ್ತಿ

ಧಾರವಾಡ
೨೨ ನವೆಂಬರ್ ೧೯೩೬

ತೀರ್ಥರೂಪ ಅಪ್ಪನವರಿಗೆ ದಾನವ್ವನ ನಮಸ್ಕಾರ.

ಕ್ಷೇಮ ಸಮಾಚಾರ ಬರೆಯುವ ಮನಸ್ಸು ಇವತ್ತು ಇಲ್ಲ. ಹುಬ್ಬಳ್ಳಿಗೆ ರೈಲು ಹತ್ತಿದರೆ ಊಟದ ಹೊತ್ತಿಗೆ ಮನೆ ಮುಟ್ಟುವವಳು ಕಾಗದ ಯಾಕೆ ಬರೆಯುತ್ತಾಳೆ ಎಂದು ನಗಬೇಡಿ. ದೀಪಾವಳಿಗೆ ಬಂದಾಗ ಮಾತಾಡಿ ನೋಡಿದೆ. ಅರ್ಧ ಮಾತಿಗೇ ನೀವು "ಸಾಕ್ ಮಾಡು, ಇದನ್ನ ನಿನ್ನ ಸಾಲಿ ಹುಡುಗ್ಯಾರಿಗೆ ಹೇಳು" ಎಂದು ರುಮಾಲು ಸುತ್ತಿಕೊಂಡು ಅಂಗಡಿಗೆ ಹೊರಟುಬಿಟ್ಟಿರಿ. ಕಾಗದವಾದರೆ ಅಷ್ಟು ಸುಲಭಕ್ಕೆ ಸುಮ್ಮನಾಗುವುದಿಲ್ಲ. ನೀವು ಅಂಗಡಿಯಿಂದ ತಿರುಗಿ ಬರುವತನಕ ಅಲ್ಲೇ ಕೂತಿರುತ್ತದೆ.

ಅವ್ವನ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು. ಈಗ ಹಂಚಿನ ಮೇಲಿನ ರೊಟ್ಟಿ ಸುಟ್ಟ ವಾಸನೆ ಬಂದ ಮೇಲೇ ಅವಳಿಗೆ ತಿಳಿಯುತ್ತದೆ. ಬೆರಳ ತುದಿಗಳೆಲ್ಲ ಸುಟ್ಟಿವೆ, ನೀವು ನೋಡಿದ್ದೀರೋ ಇಲ್ಲವೋ. ಮಿಶನ್ ದವಾಖಾನೆಯ ಡಾಕ್ಟರರು ಪೊರೆ ಬಲಿತಿದೆ, ಚಳಿಗಾಲದಲ್ಲಿ ಕರೆದುಕೊಂಡು ಬನ್ನಿ, ಕೊಯ್ದು ತೆಗೆಯುತ್ತೇವೆ ಎಂದು ಹೇಳಿ ಕಳಿಸಿದ್ದರು. ನೀವೂ ಒಪ್ಪಿದ್ದಿರಿ. ಹಾಸಿಗೆ ಸುರುಳಿ ಕಟ್ಟುವುದಷ್ಟೇ ಉಳಿದಿತ್ತು. ಅಷ್ಟರಲ್ಲಿ ವೀರಭದ್ರ ದೇವರ ಗುಡಿಗೆ ಹೋಗಿ ಹೂ ಕೇಳಿದಿರಿ. ಪೂಜಾರಿ ಶಾಂತಯ್ಯ ಎರಡು ಎಸಳು ನೀರಿನಲ್ಲಿ ಅದ್ದಿ ದೇವರ ಎರಡೂ ಭುಜಕ್ಕೆ ಅಂಟಿಸಿದ. ಎಡಗಡೆಯದು ಮೊದಲು ಬಿತ್ತು. ದವಾಖಾನೆಗೆ ಅಪ್ಪಣೆ ಇಲ್ಲ. ಮುಗಿಯಿತು!

ಅದು ಸಾಲದೆಂದು, ದುರ್ಗದಬೈಲಿನ ಹತ್ತಿರ ಛತ್ರದಲ್ಲಿ ಬಂದು ಇಳಿದಿರುವ ಆ ಊರೂರು ತಿರುಗುವ ಸೂಜಿಯವನನ್ನು ಕರೆಸುತ್ತೀರಂತೆ. ಅವನು ಪೊರೆಯನ್ನು ತೆಗೆಯುವುದಿಲ್ಲ ಅಪ್ಪಾ. ಸೂಜಿಯಿಂದ ಚುಚ್ಚಿ ಕಣ್ಣಿನೊಳಗೇ ಕೆಳಗೆ ನೂಕುತ್ತಾನೆ. ಕಸ ಗುಡಿಸಿ ಚಾಪೆಯ ಕೆಳಗೆ ತಳ್ಳಿದ ಹಾಗೆ.

ನನಗೆ ಸಿಟ್ಟು ಬಂದದ್ದು ಇದಕ್ಕಲ್ಲ. ಅನಕ್ಷರಸ್ಥರು ಯಾರಾದರೂ ಹೀಗೆ ಮಾಡಿದ್ದರೆ ಮರುಗಿ ಸುಮ್ಮನಾಗುತ್ತಿದ್ದೆ. ನೀವು ಯಾರು? ಹುಬ್ಬಳ್ಳಿಯ ಹತ್ತಿಪೇಟೆಯಲ್ಲಿ ಯಾವ ರೈತನ ಹತ್ತಿ ತುಂಬಿದ ಅಂಡಿಗೆ ಚೀಲ ಬಂದರೂ ಮೇಲಿನ ಹತ್ತಿ ನೋಡಿ ದರ ಹೇಳದ ಮನುಷ್ಯ. ಅಂಗಿಯ ತೋಳು ಮೇಲೇರಿಸಿ, ಮೊಣಕೈತನಕ ಕೈ ತೂರಿಸಿ, ತಳದ ಹತ್ತಿ ಎಳೆದು ತೆಗೆದು, ತೇವ ಐತೇನು, ಕಸ ಐತೇನು ಎಂದು ನೋಡಿ, ಎಳೆಯನ್ನು ಬೆರಳಲ್ಲಿ ಜಗ್ಗಿ ನೋಡಿ ಆಮೇಲೆ ಬಾಯಿ ಬಿಡುವವರು. ಚಿಕ್ಕವಳಿದ್ದಾಗ ನನ್ನ ಕೈಯನ್ನೂ ಅಂಡಿಗೆಯೊಳಗೆ ತೂರಿಸಿ, "ಮ್ಯಾಲಿಂದು ತೋರಸಾಕ ಇಟ್ಟಿರತಾರವ್ವಾ, ಕೆಳಗಿಂದು ಖರೇ" ಎಂದು ಕಲಿಸಿದವರು ನೀವು. ಹತ್ತಿಗೆ ಇಷ್ಟು ವಿಚಾರ, ಅವ್ವನ ಕಣ್ಣಿಗೆ ಒಂದು ಒದ್ದೆ ಎಸಳು!

ನನ್ನ ಗಂಡ ತೀರಿಕೊಂಡಾಗ ನಿಮ್ಮ ಅಣ್ಣತಮ್ಮಂದಿರೆಲ್ಲ ಎದುರು ನಿಂತರೂ ನನ್ನನ್ನು ಟ್ರೇನಿಂಗ್ ಕಾಲೇಜಿಗೆ ಹಚ್ಚಿದಿರಿ. ಆಗ ಯಾವ ಹೂ ಕೇಳಿದ್ದಿರಿ? ನಾನು ಓದುವುದನ್ನು ಕಣ್ಣಾರೆ ಕಂಡಿದ್ದಿರಿ, ಅಷ್ಟೇ ಸಾಕಾಗಿತ್ತು. ಆ ಅಪ್ಪ ಎಲ್ಲಿ ಹೋದರು?

ಇಂತಿ,
ದಾನವ್ವ


ಹುಬ್ಬಳ್ಳಿ
೩೦ ನವೆಂಬರ್ ೧೯೩೬

ಚಿ. ದಾನವ್ವಳಿಗೆ ಮುರುಗೆಪ್ಪನ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಹೆತ್ತ ತಂದೆಗೆ ಹೀಗೆ ಬರೆಯಲು ಯಾವ ಕಾಲೇಜಿನಲ್ಲಿ ಕಲಿಸಿದರೋ ತಿಳಿಯದು. ನಿನ್ನ ಅವ್ವನಿಗೆ ಇದನ್ನು ಓದಿ ಹೇಳಿಲ್ಲ. ಅವಳ ಮನಸ್ಸು ನೋಯಿಸುವುದು ನನಗೆ ಬೇಡ.

ಮೇಲಿನ ಹತ್ತಿ ನೋಡಿ ಬೆಲೆ ಕಟ್ಟಿದೆ ಎಂದು ನನ್ನ ಮೇಲೆ ಹೊರಿಸುತ್ತೀಯಲ್ಲ, ಕೇಳು. ಅಣ್ಣಿಗೇರಿಯ ಗಿರಿಯಪ್ಪ ನಮ್ಮ ಹಳೆಯ ಗಿರಾಕಿ, ನಿನಗೂ ಗೊತ್ತು. ಕೈ ಹಿಡಿದು ನಡೆಸಿಕೊಂಡು ಬರಬೇಕಿತ್ತು ಅವನನ್ನು. ಕಳೆದ ತಿಂಗಳು ನನ್ನೆದುರಿಗೇ ಸೂಜಿ ಹಾಕಿದರು. ಸೂಜಿ ತೆಗೆದ ಕೂಡಲೇ ನಾನು ಬೆರಳು ಹಿಡಿದು "ಎಷ್ಟ ಅದಾವು ಹೇಳು" ಎಂದೆ. ಎಣಿಸಿ ಹೇಳಿದ. ನನ್ನ ರುಮಾಲಿನ ಬಣ್ಣ ಹೇಳಿದ. ಕಾಲಿಗೆ ಬಿದ್ದು ಅತ್ತ. ಇದನ್ನು ಯಾರೋ ಹೇಳಿ ಕೇಳಿದ್ದಲ್ಲ, ಈ ಕಣ್ಣಿನಿಂದ ಕಂಡದ್ದು. ನೀನು ಬೇಡುವ ಪುರಾವೆ ಇದಲ್ಲದೆ ಇನ್ನೇನು?

ಇನ್ನು ನಿನ್ನ ಡಾಕ್ಟರರ ಮಾತು. ಅವರು ಕೊಯ್ದದ್ದನ್ನು ನೀನು ನೋಡಿದ್ದೀಯಾ? ಅವರು ಕಣ್ಣಿಗೆ ಹಾಕುವ ಔಷಧಿಯಲ್ಲಿ ಏನಿದೆ ಬಲ್ಲೆಯಾ? ಪುಸ್ತಕದಲ್ಲಿ ಅಚ್ಚಾಗಿದೆ, ಬಿಳಿ ಕೋಟಿನವರು ಹೇಳಿದರು, ನೀನು ನಂಬಿದೆ. ನಾನು ದೇವರನ್ನು ನಂಬಿದೆ. ನಿನ್ನದು ವಿಚಾರ, ನನ್ನದು ಮೂಢತನ ಎಂದು ಪಾಲು ಮಾಡಿದವರು ಯಾರು?

ಕಡೆಯದಾಗಿ, ನಿನ್ನ ಕಾಲೇಜಿನ ಸುದ್ದಿ. ಅದಕ್ಕೂ ನಾನು ಹೂ ಕೇಳಿದ್ದೆ. ಬಲಕ್ಕೆ ಬಿತ್ತು. ಅದಕ್ಕೇ ನೀನು ಇವತ್ತು ಖುರ್ಚಿಯ ಮೇಲೆ ಕೂತು ಅಪ್ಪನಿಗೆ ಬುದ್ಧಿ ಹೇಳುತ್ತಿದ್ದೀ.

ಆ ವೈದ್ಯನ ಕೈಯಿಂದ ಕೆಟ್ಟವರು ಯಾರಾದರೂ ಇದ್ದರೆ ತೋರಿಸು. ಅಲ್ಲಿಯವರೆಗೆ ಸುಮ್ಮನಿರು.

ಇಂತಿ,
ಮುರುಗೆಪ್ಪ


ಧಾರವಾಡ
೨೦ ಡಿಸೆಂಬರ್ ೧೯೩೬

ಅಪ್ಪನವರಿಗೆ ನಮಸ್ಕಾರ.

ತೋರಿಸು ಎಂದಿರಿ. ಹುಡುಕಿಕೊಂಡು ಹೋದೆ. ಎರಡು ರವಿವಾರ ನಮ್ಮ ನೆರೆಯ ಲಾಲಸಾಬ ಕಾಕಾನ ಟಾಂಗಾದಲ್ಲಿ ತಿರುಗಿದೆ. ನಮ್ಮ ಓಣಿಗೆ ಬಂದು ಮನೆಯ ಕದ ತಟ್ಟದೆ ಹಾಗೇ ಹೊರಟೆ ಎಂದು ಅವನು ನಿಮಗೆ ಹೇಳಿರಬಹುದು. ಹೇಳಲಿ.

ಆ ವೈದ್ಯ ಹೋದ ವರ್ಷವೂ ಈ ಸೀಮೆಗೆ ಬಂದಿದ್ದ. ಬೈರಿದೇವರಕೊಪ್ಪದಲ್ಲಿ ಹುಸೇನಬಾಷಾ ಎಂಬ ಬಡಿಗ ಇದ್ದಾನೆ. ಅವನೂ ಸೂಜಿ ತೆಗೆದ ಕೂಡಲೇ ಬೆರಳು ಎಣಿಸಿದನಂತೆ. ಖುಷಿಯಿಂದ ವೈದ್ಯನಿಗೆ ಶಲ್ಯ ಹೊದಿಸಿದನಂತೆ. ಕೆಲವು ತಿಂಗಳು ಕಳೆದ ಮೇಲೆ ಕಣ್ಣು ಕೆಂಡವಾಯಿತು, ತಲೆ ಸಿಡಿಯಿತು, ಆಮೇಲೆ ಕತ್ತಲು. "ಅಂವ ಎಲ್ಲದಾನೋ ಏನೋ ಅಕ್ಕಾವ್ರ, ಹೇಳಬೇಕಂದ್ರ ಊರಾಗ ಇಲ್ಲ" ಎಂದ. ಬೆಂಗೇರಿಯಲ್ಲಿ ಬಳೆ ಮಾರುವ ಗುಲ್ಜಾರಬಿಯದೂ ಅದೇ ಕತೆ. ಅವಳ ಸೊಸೆ ಈಗ ಬಳೆಯ ಬುಟ್ಟಿ ಹೊರುತ್ತಾಳೆ. ಅದೇ ಊರಿನ ಮೌಲಾಬಿಗೆ ಇನ್ನೂ ಕಾಣುತ್ತದೆ, ಮಸುಕು ಮಸುಕಾಗಿ. ನನ್ನ ವಾದಕ್ಕೆ ಅನುಕೂಲವಿಲ್ಲದ ಇದನ್ನೂ ನಿಮಗೆ ಬರೆಯುತ್ತಿದ್ದೇನೆ. ನೀವು ನಿಮ್ಮ ಪಕ್ಷದ ಒಬ್ಬನ ಸುದ್ದಿಯನ್ನಷ್ಟೇ ಬರೆದಿರಿ.

ದವಾಖಾನೆಗೂ ಬರೆದು ಕೇಳಿದೆ, ನಿಮ್ಮಲ್ಲಿ ಎಷ್ಟು ಕಣ್ಣು ಕೆಡುತ್ತವೆ ಎಂದು. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಕೆಡುತ್ತವೆ, ಕೆಲವು ಕೆಡುತ್ತವೆ, ಇಂಥಿಂಥ ಕಾರಣಕ್ಕೆ ಎಂದು ಬಿಚ್ಚಿ ಬರೆದರು. ಕಣ್ಣು ಕೊಯ್ಯಿಸಿಕೊಂಡವರನ್ನು ಮತ್ತೆ ಕರೆಸಿ ನೋಡುತ್ತಾರಂತೆ, ಬಾರದವರಿಗೆ ಕಾರ್ಡು ಹಾಕುತ್ತಾರಂತೆ. ನಾನು ನಂಬಿದ್ದು ಬಿಳಿ ಕೋಟನ್ನಲ್ಲ ಅಪ್ಪಾ, ಈ ಕಾರ್ಡನ್ನು. ತಿರುಗಿ ನೋಡುವವನ ಮಾತಿಗೂ ಗಂಟು ಕಟ್ಟಿಕೊಂಡು ಮುಂದಿನ ಊರಿಗೆ ಹೋಗುವವನ ಮಾತಿಗೂ ಇರುವ ಅಂತರ ವ್ಯಾಪಾರದಲ್ಲಿ ನಿಮಗೆ ಗೊತ್ತು, ಮನೆಯಲ್ಲಿ ಮಾತ್ರ ಗೊತ್ತಿಲ್ಲ. ನೀವು ಗಿರಿಯಪ್ಪನನ್ನು ಕಂಡದ್ದು ಸೂಜಿ ತೆಗೆದ ಕ್ಷಣದಲ್ಲಿ. ಅದು ಅಂಡಿಗೆಯ ಮೇಲಿನ ಹತ್ತಿ. ಅಣ್ಣಿಗೇರಿಗೆ ಹೋಗಿ ಈಗ ನೋಡಿ ಬನ್ನಿ.

ಇನ್ನೊಂದು ವಿಷಯವಿದೆ. ಬರೆಯುವುದೋ ಬೇಡವೋ ಎಂದು ಬಹಳ ಒದ್ದಾಡಿದೆ. ಮುಚ್ಚಿಟ್ಟರೆ ನನಗೂ ಸೂಜಿಯವನಿಗೂ ಏನು ಫರಕು? ಬೆಂಗೇರಿಯಲ್ಲಿ ನಮ್ಮ ಗುಡಿಯ ಹಳೆಯ ಪೂಜಾರಿ ಗುರುಸಿದ್ದಯ್ಯನವರು ಮಗನ ಮನೆಯಲ್ಲಿದ್ದಾರೆ. ಮಾತಿಗೆ ಮಾತು ಬಂದು ಹೂವಿನ ಸುದ್ದಿ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. ನಮ್ಮ ಗುಡಿಯಲ್ಲಿ ಎಡಬಲ ನೋಡುವುದು ದೇವರ ಕಡೆಯಿಂದ. ಶಾಂತಯ್ಯ ಬೇರೆ ಊರಿನವನು, ಅವರ ಕಡೆ ಎದುರಿಗೆ ನಿಂತ ಭಕ್ತರ ಎಡಬಲ ಲೆಕ್ಕ. "ಆ ಹುಚ್ಚಪ್ಪ ತನ್ನ ಎಡಕ್ಕ ಬಿದ್ದದ್ದನ್ನ ಹೇಳ್ಯಾನ. ಅದು ದೇವರ ಬಲಾ. ಅಪ್ಪಣಿ ಆಗಿತ್ತಲ್ಲವ್ವಾ!" ಎಂದರು.

ಅಂದರೆ ನಿಮ್ಮ ದೇವರು ದವಾಖಾನೆಗೆ ಹೋಗು ಎಂದೇ ಹೇಳಿದ್ದ. ನಾನು ಗೆದ್ದೆ ಎಂದು ಕುಣಿಯಬೇಕಾಗಿತ್ತು. ಆದರೆ ಮೈಯೆಲ್ಲ ಉರಿಯಿತು. ಪೂಜಾರಿ ಎತ್ತ ನಿಂತಿದ್ದ ಎಂಬುದರ ಮೇಲೆ ನನ್ನ ಅವ್ವನ ಕಣ್ಣು ನಿಲ್ಲಬೇಕೇ? ನನ್ನ ಓದೂ ಹಾಗೇ ನಿಂತಿತ್ತೇ? ಆವತ್ತು ಎಸಳು ಎಡಕ್ಕೆ ಬಿದ್ದಿದ್ದರೆ ನನ್ನನ್ನು ಏನು ಮಾಡುತ್ತಿದ್ದಿರಿ? ಇದಕ್ಕೆ ಉತ್ತರ ಬೇಕು ನನಗೆ.

ದವಾಖಾನೆಗೆ ಹೋಗಿ, ಆದರೆ ಹೂ ಹೇಳಿತು ಎಂದು ಹೋಗಬೇಡಿ. ಮತ್ತೆ ಕೇಳಲಂತೂ ಹೋಗಲೇಬೇಡಿ. ಕೈಮುಗಿದು ಕೇಳುತ್ತೇನೆ.

ದಾನವ್ವ


ಹುಬ್ಬಳ್ಳಿ
೧೧ ಜನವರಿ ೧೯೩೭

ಚಿ. ದಾನವ್ವಳಿಗೆ ಆಶೀರ್ವಾದ.

ಗುರುಸಿದ್ದಯ್ಯನವರು ಹೇಳಿದ್ದು ಖರೆ. ಬೆಂಗೇರಿಗೆ ಹೋಗಿ ನಾನೇ ಕೇಳಿ ಬಂದೆ. ಲೆಕ್ಕ ತಪ್ಪಿದ ಮೇಲೆ ಮೊದಲಿನ ಮಾತು ಹಿಡಿಯುವಂತಿಲ್ಲ. ಆದ್ದರಿಂದ ಅವರನ್ನೇ ಗುಡಿಗೆ ಕರೆತಂದು, ಅವರ ಕೈಯಿಂದಲೇ ಎಸಳು ಹಚ್ಚಿಸಿ, ಶಾಸ್ತ್ರೋಕ್ತವಾಗಿ ಹೊಸದಾಗಿ ಕೇಳಿದೆ. ದೇವರ ಎಡಕ್ಕೇ ಬಿತ್ತು. ಇನ್ನು ಸಂಶಯಕ್ಕೆ ಜಾಗವಿಲ್ಲ.

ವೈದ್ಯ ಊರು ಬಿಡುವವನಿದ್ದ. ತಡೆದು ನಿಲ್ಲಿಸಿ, ಹೋದ ಸೋಮವಾರ ನಿನ್ನ ಅವ್ವನ ಬಲಗಣ್ಣಿಗೆ ಸೂಜಿ ಹಾಕಿಸಿದೆ. ಅವಳು ಹಲ್ಲು ಕಚ್ಚಿ ಕೂತಳು. ಸೂಜಿ ತೆಗೆದ ಮೇಲೆ ನನ್ನ ಮುಖ ನೋಡಿದಳು, ದಾನವ್ವಾ. "ಅಯ್ಯ, ಎಷ್ಟ ಮುಪ್ಪಾಗೀರಿ!" ಎಂದಳು. ಮನೆಯವರೆಲ್ಲ ನಕ್ಕೆವು, ಅತ್ತೆವು. ನೀನೂ ಇರಬೇಕಿತ್ತು. ಎಡಗಣ್ಣನ್ನು ಮುಂದಿನ ವರ್ಷ ಬಂದಾಗ ಮಾಡುತ್ತೇನೆ ಎಂದು ವೈದ್ಯ ಹೇಳಿದ್ದಾನೆ.

ಇನ್ನಾದರೂ ಹಟ ಬಿಟ್ಟು ಸಂಕ್ರಾಂತಿಗೆ ಬಾ.

ಮುರುಗೆಪ್ಪ


ಧಾರವಾಡ
೧೩ ಜನವರಿ ೧೯೩೭

ಅಪ್ಪನವರಿಗೆ,

ಬರುವುದಿಲ್ಲ. ಬಂದರೆ ಅವ್ವನ ಎದುರು ನಗಬೇಕು, ಅದು ನನ್ನಿಂದಾಗದು. ನಿಮ್ಮ ಮನೆಯಲ್ಲಿ ಸುಳ್ಳು ಹೇಳಿದವರಿಗಿಂತ ಖರೆ ಹೇಳಿದವಳಿಂದಲೇ ಹೆಚ್ಚು ಹಾನಿಯಾಯಿತು. ಎಡಬಲದ ಮಾತು ನಾನು ಎತ್ತದಿದ್ದರೆ ನೀವು ಮತ್ತೆ ಗುಡಿಗೆ ಹೋಗುತ್ತಿರಲಿಲ್ಲವೇನೋ.

ಅಣ್ಣಿಗೇರಿಗೆ ಹೋಗಿದ್ದಿರಾ? ಅದೊಂದನ್ನು ಬರೆಯಲೇ ಇಲ್ಲ. ಬೆಂಗೇರಿಗೆ ಹೋಗಿ ದೇವರ ಎಡಬಲ ಕೇಳಿ ಬರಲು ಪುರಸತ್ತಿತ್ತು. ಗಿರಿಯಪ್ಪನ ಕಣ್ಣು ನೋಡಿ ಬರಲು ಇರಲಿಲ್ಲ.

ನನ್ನ ಮಾತು ಸುಳ್ಳಾಗಲಿ. ದೇವರಾಣೆಗೂ ಹೇಳುತ್ತೇನೆ, ಜನ್ಮದಲ್ಲಿ ಇಷ್ಟು ಮನಸ್ಸಿಟ್ಟು ಏನನ್ನೂ ಬೇಡಿಲ್ಲ. ಇನ್ನು ಕಾಗದ ಬರೆಯುವುದಿಲ್ಲ.

ದಾನವ್ವ


ಹುಬ್ಬಳ್ಳಿ
೧೯ ಜುಲೈ ೧೯೩೭

ದಾನಕ್ಕನವರಿಗೆ ಟಾಂಗಾದ ಲಾಲಸಾಬರ ಮಗಳು ಅಬೀದಾ ಮಾಡುವ ಸಲಾಮು. ನೀವು ಕಲಿಸಿದ ಅಕ್ಷರ ಇವತ್ತು ನಿಮ್ಮ ಅವ್ವನ ಕೆಲಸಕ್ಕೆ ಬಂತು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕೆಂದು ಆಣೆ ಹಾಕಿಸಿದ್ದಾರೆ. ಮುಂದಿನದೆಲ್ಲ ಅವರ ಮಾತು.

ದಾನೀ, ನನ್ನವ್ವಾ. ಸೂಜಿ ಹಾಕಿಸಿದ ಕಣ್ಣು ಹೋತು.

ಹೋಳಿ ಹುಣ್ಣಿವಿ ಆದಮ್ಯಾಲೆ ಕಣ್ಣಾಗ ಖಾರ ಹಾಕಿದಂಗ ಉರಿಯಾಕ ಹತ್ತಿತು. ತಲಿ ಒಂದ ಮಗ್ಗಲ ಸಿಡೀತಿತ್ತು. ನಾ ಯಾರಿಗೂ ಹೇಳಲಿಲ್ಲ. ಯಾಕ ಹೇಳಲಿಲ್ಲ ಕೇಳು. ಓಣಿ ಮಂದಿ ಎಲ್ಲಾ ಬಂದು "ವೀರಭದ್ರದೇವರು ಕಣ್ಣು ಕೊಟ್ಟ" ಅಂತ ನನ್ನ ಮಾರಿ ನೋಡಿ ಕೈ ಮುಗದು ಹೋಗತಿದ್ರು. ನಾ ನೋವು ಅಂದ್ರ ದೇವರಿಗೆ ಕೆಟ್ಟ ಹೆಸರು. ನಿಮ್ಮಪ್ಪನ ಮಾರಿ ಸಣ್ಣದಾಗತೈತಿ. ಅದಕ್ಕ ನುಂಗಿಕೊಂಡೆ. ಕಾಣಸ್ತದೇನ ಅಂದ್ರ ಕಾಣಸ್ತದ ಅಂದೆ. ಬೆಳಕು ಹೋದ ಮ್ಯಾಲೂ ಕಾಣಸ್ತದ ಅಂದೆ. ಕಡೀಕ ಬಾಗಿಲದ ಹೊಚ್ಚಲಾ ಎಡವಿ ಬಿದ್ದಾಗ ನಿಮ್ಮಪ್ಪಗ ಗೊತ್ತಾತು.

ಆವಾಗ ಹೋದ್ರು ನೋಡು ಅಣ್ಣಿಗೇರಿಗೆ. ಗಿರಿಯಪ್ಪಂದೂ ಹಂಗ ಆಗಿತ್ತಂತ. ಅಂವನೂ ಯಾರಿಗೂ ಹೇಳಿದ್ದಿಲ್ಲ. ನಾವೆಲ್ಲಾ ಒಬ್ಬರಿಗೊಬ್ರು ಹೇಳಲಿಲ್ಲ, ಆ ಸೂಜ್ಯಾಂವನ ಹೆಸರು ದೊಡ್ಡದಾತು.

ನಿಮ್ಮಪ್ಪ ಎಂಟು ದಿನ ಅಂಗಡಿಗೆ ಹೋಗಲಿಲ್ಲ. ನಿನ್ನೆ ನನ್ನ ಮುಂದ ಕುಂತು, "ಎಡಗಣ್ಣಿಂದು ಏನ ಮಾಡೂಣು? ದವಾಖಾನಿಗೆ ಹೋಗೂಣೇನು? ಒಂದ ಸಲ ಹೂ ಕೇಳಿ..." ಅಂದ್ರು. ನನಗ ಎಲ್ಲಿತ್ತೋ ಸಿಟ್ಟು ದಾನೀ, ಇಷ್ಟು ವರ್ಷದಾಗ ಅವರ ಮುಂದ ದನಿ ಎತ್ತಿದಾಕಿ ಅಲ್ಲ ನಾನು. "ಹೂ ಕೇಳಿದ್ರಿ, ಪೂಜಾರಿನ ಕೇಳಿದ್ರಿ, ಮಗಳ ಕೂಡ ಕಾಗದದಾಗ ಜಗಳಾಡಿದ್ರಿ. ಕಣ್ಣು ಯಾರದು? ನನ್ನ ಒಬ್ಬಾಕಿನ್ನ ಯಾರೂ ಕೇಳಲಿಲ್ಲ. ಈ ಸಲ ನನ್ನ ಕೇಳ್ರಿ" ಅಂದೆ.

"ದೇವರ ಮ್ಯಾಲಿನ ಭಕ್ತಿ ಹೋತೇನು ನಿಂದು?" ಅಂದ್ರು. "ಯಾಕ ಹೋಗತೈತಿ? ದಿನಾ ದೀಪಾ ಹಚ್ಚತೇನಿ, ಕಣ್ಣು ಹೋದ್ರೂ ಹಚ್ಚತೇನಿ, ಕೈಗೆ ಗೊತ್ತೈತಿ ಹಣತಿ. ನಾ ಅಂವಗ ಕಣ್ಣು ಬೇಡಿಲ್ಲ, ಧೈರ್ಯ ಬೇಡೇನಿ. ಧೈರ್ಯ ಕೊಟ್ಟಾನ. ಕಣ್ಣಿನ ಕೆಲಸಕ್ಕ ಅಂವನ್ನ ಹಚ್ಚಿದವರು ನೀವು" ಅಂದೆ.

ನಿನಗೂ ಒಂದು ಮಾತು. ನಿನ್ನ ಲೆಕ್ಕ ಖರೇ ಇತ್ತು. ಆದ್ರ ನಮ್ಮ ಓಣಿತನಕ ಬಂದು ನನ್ನ ಹತ್ರ ಬರಲಾರದ ಹೋದಿ. ಹುಸೇನಬಾಷಾನ ಸುದ್ದಿ ನಿಮ್ಮಪ್ಪಗ ಬರದಿ, ನನ್ನ ಕಿವ್ಯಾಗ ಬಂದು ಹೇಳಿದ್ರ ನಾ ಸೂಜಿ ಮುಂದ ಕುಂಡ್ರತಿದ್ದೆನೇನು? ಆ ಕಾಗದ ಒಂದೂ ನನಗ ಯಾರೂ ಓದಿ ಹೇಳಿದ್ದಿಲ್ಲ. ಮೊನ್ನೆ ಅಬೀದಾ ಎಲ್ಲಾ ಓದಿ ಹೇಳಿದ್ಲು.

ನಾ ದವಾಖಾನಿಗೆ ಹೊಂಟೇನಿ. ನಾ ಹೇಳಿದ್ದಕ್ಕ ಹೊಂಟೇವಿ, ಹೂ ಹೇಳಿದ್ದಕ್ಕಲ್ಲ.

ನಿನ್ನ ಅವ್ವ


ಮಿಶನ್ ದವಾಖಾನೆ
೮ ಆಗಸ್ಟ್ ೧೯೩೭

ಚಿ. ದಾನವ್ವಳಿಗೆ ಅಪ್ಪನ ಆಶೀರ್ವಾದ.

ಇಲ್ಲಿಯ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನ ಅವ್ವನ ಎಡಗಣ್ಣು ಕೊಯ್ದು ಪಟ್ಟಿ ಕಟ್ಟಿದ್ದಾರೆ. ಅಲುಗಾಡದೆ ಮಲಗಬೇಕು. ಬಲಗಣ್ಣನ್ನು ನೋಡಿದ ಡಾಕ್ಟರರು ತಲೆ ಅಲ್ಲಾಡಿಸಿದರು. ಬೈದಿದ್ದರೆ ಚಲೋ ಇತ್ತು.

ಕೊಯ್ಯುವ ಮೊದಲು ಅವರು ನಮ್ಮಿಬ್ಬರನ್ನೂ ಕೂರಿಸಿ, ಈ ಕಣ್ಣು ಬರಬಹುದು, ಬರದೇ ಇರಬಹುದು, ಬಂದರೂ ದಪ್ಪ ಚಷ್ಮಾ ಬೇಕು ಎಂದರು. ಪೇಟೆಯಲ್ಲಿ ಕೂದಲು ಬೆಳ್ಳಗಾಗಿವೆ ನನಗೆ. ಮಾಲಿನ ದೋಷವನ್ನು ತಾನೇ ಮೊದಲು ಹೇಳುವ ಮಾರಾಟಗಾರನನ್ನು ಇಲ್ಲಿಯವರೆಗೆ ಕಂಡಿರಲಿಲ್ಲ. ನೀನು ಕಾರ್ಡಿನ ಬಗ್ಗೆ ಬರೆದದ್ದು ಆಗ ತಲೆಗೆ ಹೋಯಿತು. ತಡವಾಗಿ ಹೋಯಿತು.

ನೀನೊಂದು ಪ್ರಶ್ನೆ ಕೇಳಿದ್ದೆ. ಕಾಲೇಜಿನ ಸಲುವಾಗಿ ಕೇಳಿದ ಹೂ ಎಡಕ್ಕೆ ಬಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು. ಎಡಕ್ಕೇ ಬಿದ್ದಿತ್ತು. ಮರುದಿನ ಹೋಗಿ ಮತ್ತೆ ಕೇಳಿದೆ. ಆಗಲೂ ಎಡಕ್ಕೆ ಬಿತ್ತು. ಬಲಕ್ಕೆ ಬೀಳುವತನಕ ಕೇಳುತ್ತಲೇ ಹೋದೆ. ಗುರುಸಿದ್ದಯ್ಯನವರು ಬೇಸತ್ತು, "ನಿನಗ ಹ್ಯಾಂಗ ಬೇಕಾಗೈತೋ ಹಂಗ ಮಾಡು ಮಾರಾಯಾ" ಎಂದಿದ್ದರು. ನಿನ್ನನ್ನು ಓದಿಸುವ ಆಸೆ ನನಗಿತ್ತು, ಅಣ್ಣತಮ್ಮಂದಿರ ಮುಂದೆ ಹೇಳಲು ದೇವರ ಹೆಸರು ಬೇಕಿತ್ತು. ಅವ್ವನ ಕಣ್ಣಿಗೆ ಕತ್ತಿ ಹಚ್ಚುವುದಕ್ಕೆ ಭಯವಿತ್ತು, ಆ ಭಯಕ್ಕೂ ದೇವರ ಹೆಸರು ಬೇಕಾಯಿತು. ಮೊದಲಿನದು ದೇವರ ಬಲ ಎಂದು ತಿಳಿದಾಗ ಮತ್ತೆ ಕೇಳಿದೆ, ಎಡಕ್ಕೆ ಬಿದ್ದ ಮೇಲೆ ನಿಲ್ಲಿಸಿದೆ. ದೇವರು ಆವತ್ತೂ ಏನೂ ಹೇಳಿರಲಿಲ್ಲ, ಈಗಲೂ ಹೇಳಿರಲಿಲ್ಲ. ಎರಡೂ ಸಲ ಮಾತಾಡಿದವನು ನಾನೇ.

ಶುಕ್ರವಾರ ಬೆಳಿಗ್ಗೆ ಪಟ್ಟಿ ಬಿಚ್ಚುತ್ತಾರೆ. ಕಾಣುತ್ತದೋ ಇಲ್ಲವೋ ಯಾರೂ ಭರವಸೆ ಕೊಟ್ಟಿಲ್ಲ. ನಾನು ಹತ್ತಿರ ಕೂತಿರುತ್ತೇನೆ ಎಂದು ನಿನ್ನ ಅವ್ವನಿಗೆ ಹೇಳಿದೆ. ಅವಳು ಮಲಗಿದಲ್ಲಿಂದಲೇ, "ನೀವು ಹೊರಗ ಕುಂಡ್ರಿ. ನಿಮ್ಮ ಮಾರಿ ನೋಡಿ ಒಂದು ಕಣ್ಣು ಕಳಕೊಂಡೇನಿ. ಈ ಕಣ್ಣಿಗೆ ಮೊದಲ ನನ್ನ ಮಗಳ ಮಾರಿ ಬೀಳಬೇಕು. ಆಕಿ ಬರೂತನಕ ಪಟ್ಟಿ ಬಿಚ್ಚಬ್ಯಾಡಂತ ಡಾಕ್ಟರಿಗೆ ಹೇಳ್ರಿ" ಎಂದಳು.

ಹೇಳಿದ್ದೇನೆ. ಗುರುವಾರದ ರೈಲಿಗೆ ಬಾ. ನಾನು ಹೊರಗೇ ಕೂತಿರುತ್ತೇನೆ.

ನಿನ್ನ ಅಪ್ಪ,
ಮುರುಗೆಪ್ಪ